ಕ್ರೋಮ್ ಲೇಪದ ನಳಿಗೆಯುಳ್ಳ ಕೋವಿಯನ್ನು ಶುಚಿಗೊಳಿಸತಕ್ಕ ದ್ರವಗಳು

ಕಾರವಾರ ತಾಲ್ಲೂಕಿನ ಹಣಕೋಣವು ಕಾಳೀ ನದಿಯ ಕೆಳಹರಿವಿನ ಪ್ರದೇಶದಲ್ಲಿರುವ ಗ್ರಾಮ. ಒಂದು ಕಡೆಗೆ ಭತ್ತದ ಗದ್ದೆಗಳೂ ತೆಂಗಿನ ತೋಟಗಳೂ, ಮತ್ತೊಂದು ಕಡೆಗೆ ಕಾಡಿನ ಸೆರಗೂ ಇರುವ ಇಂತಹ ಗ್ರಾಮಗಳು ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಬಹಳವಾಗಿವೆ. ಭತ್ತವು ತೆನೆಗಟ್ಟುವ ಕಾಲಕ್ಕೆ ಕಾಡುಹಂದಿಗಳೂ, ತೆಂಗು ಎಳನೀರಾಗುವ ಕಾಲಕ್ಕೆ ಮಂಗಗಳೂ ಬಂದು ಫಸಲಿಗೆ ಕೈಹಾಕುವುದು ಇಲ್ಲಿಯ ಒಕ್ಕಲಿಗರಿಗೆ ಹೊಸದಲ್ಲ. ಆದುದರಿಂದ ಪರವಾನಗಿ ಪಡೆದ ಕೋವಿಯು ಕೆಲವು ಮನೆಗಳಲ್ಲಿ ನೇಗಿಲು ಗುದ್ದಲಿಗಳಂತೆ ಬೇಸಾಯದ ಒಂದು ಉಪಕರಣವೇ ಆಗಿದೆ. ಇದರ ಸದ್ದೇ ಅನೇಕ ವೇಳೆ ಸಾಕಾಗುತ್ತದೆ. ಪರವಾನಗಿಯು 1959ರ ಶಸ್ತ್ರಾಸ್ತ್ರ ಅಧಿನಿಯಮಕ್ಕೆ ಒಳಪಟ್ಟದ್ದು. ಅದು ಕೈಯಲ್ಲಿದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲವೆಂಬುದನ್ನೂ, ಆ ವಿಷಯವು 1972ರ ವನ್ಯಜೀವಿ ಸಂರಕ್ಷಣ ಅಧಿನಿಯಮಕ್ಕೆ ಸೇರಿದುದೆಂಬುದನ್ನೂ ಮೊದಲಲ್ಲಿಯೇ ನೆನೆಯತಕ್ಕದ್ದು.

ನೇಗಿಲು ಮಳೆಯಲ್ಲಿ ನೆನೆದರೆ ಗುಳ ತುಕ್ಕು ಹಿಡಿಯುತ್ತದೆ; ಅದರಿಂದ ಒಂದು ದಿನದ ಕೆಲಸ ಕೆಡುತ್ತದೆ. ಕೋವಿಯ ನಳಿಗೆಯು ಒಳಗೇ ತುಕ್ಕು ತಿಂದು ತೆಳುವಾದರೆ ಕೆಡುವುದು ಕೆಲಸವಷ್ಟೇ ಅಲ್ಲ. ಮದ್ದು ಸಿಡಿಯುವಾಗ ನಳಿಗೆಯು ಒಡೆದು ಹಿಡಿದವನ ಎಡಗೈಗೂ ಕಣ್ಣಿಗೂ ಅಪಾಯವಾಗಬಹುದು. ಆದುದರಿಂದ ನಳಿಗೆಯನ್ನು ಯಾವ ದ್ರವದಿಂದ ತೊಳೆಯಬೇಕು, ಯಾವುದನ್ನು ಮುಟ್ಟಿಸಬಾರದು ಎಂಬ ತಿಳಿವಳಿಕೆಯು ಕೋವಿಯುಳ್ಳ ಪ್ರತಿಯೊಬ್ಬ ಬೇಸಾಯಗಾರನಿಗೂ ಅವಶ್ಯವಾದದ್ದು.

ಈಚಿನ ಕಾಲದ ತೋಟೆ ಕೋವಿಗಳಲ್ಲಿ ಕೆಲವಕ್ಕೆ ನಳಿಗೆಯ ಒಳಮೈಯಲ್ಲಿ ಕ್ರೋಮ್ ಲೇಪವಿರುತ್ತದೆ. ಇಂತಹ ಕೋವಿಯ ವಿಷಯದಲ್ಲಿ ಎರಡು ವಿಧವಾದ ತಪ್ಪು ಅಭಿಪ್ರಾಯಗಳುಂಟು. ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ತೊಳೆಯುವ ಅಗತ್ಯವೇ ಇಲ್ಲವೆಂಬುದು ಒಂದು. ಕ್ರೋಮ್ ಬಲು ಗಟ್ಟಿಯಾದ್ದರಿಂದ ಎಷ್ಟು ಉಗ್ರವಾದ ದ್ರವವನ್ನು ಬೇಕಾದರೂ ಹಾಕಿ ಉಜ್ಜಬಹುದೆಂಬುದು ಇನ್ನೊಂದು. ಎರಡೂ ಸರಿಯಲ್ಲ. ಕಾರಣವನ್ನು ಮುಂದೆ ವಿವರಿಸಲಾಗಿದೆ.

ಕ್ರೋಮ್ ಲೇಪದ ಸ್ವರೂಪ

ಕ್ರೋಮಿಯಂ ಎಂಬುದು ಬೆಳ್ಳಗೆ ಹೊಳೆಯುವ ಒಂದು ಲೋಹ. ಇದರ ಅದಿರು ಹಾಸನ ಜಿಲ್ಲೆಯ ನುಗ್ಗೇಹಳ್ಳಿ, ಬೈರಾಪುರಗಳ ಕಡೆಯಲ್ಲಿ ದೊರೆಯುತ್ತದೆ. ವಿದ್ಯುತ್ತಿನ ಸಹಾಯದಿಂದ ಇದನ್ನು ಉಕ್ಕಿನ ಮೇಲೆ ತೆಳುವಾದ ಪದರವಾಗಿ ಕೂರಿಸಬಹುದು. ನಳಿಗೆಯೊಳಗಿನ ಪದರವು ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ದಪ್ಪವಿರುತ್ತದೆ; ಎಂದರೆ ತಲೆಗೂದಲಿನಷ್ಟೂ ದಪ್ಪವಿಲ್ಲ. ಆದರೂ ಅದು ಉಕ್ಕಿಗಿಂತ ಬಹಳ ಗಡುಸು, ಮತ್ತು ಗಾಳಿ ನೀರುಗಳಿಗೆ ಸುಲಭವಾಗಿ ಜಗ್ಗುವುದಿಲ್ಲ.

ತೇವದ ದೇಶಗಳಲ್ಲಿ ಇದರ ಬೆಲೆ ಮೊದಲು ಗೊತ್ತಾದದ್ದು ಸೈನ್ಯಗಳಿಗೆ. ಜಪಾನ್ ದೇಶವು 1939ರಲ್ಲಿ ಅಂಗೀಕರಿಸಿದ ಅರಿಸಾಕ ಬಂದೂಕಿನ ನಳಿಗೆಗೆ ಕ್ರೋಮ್ ಲೇಪವಿತ್ತು. ಅಮೆರಿಕದವರು ವಿಯೆಟ್ನಾಮಿನ ಮಳೆಗಾಡುಗಳಿಗೆ ಒಯ್ದ ಎಂ-16 ಬಂದೂಕುಗಳಿಗೆ ಮೊದಲಿಗೆ ಈ ಲೇಪವಿರಲಿಲ್ಲ. ತೋಟೆ ಕೂರುವ ಕೋಣೆಯು ಕೆಸರು, ಮಸಿ, ತುಕ್ಕುಗಳಿಂದ ಕೆಟ್ಟು, ಸುಟ್ಟ ತೋಟೆಗಳು ಹೊರಬರದೆ ಸಿಕ್ಕಿಕೊಂಡು, ಬಹಳ ಕಷ್ಟಗಳಾದ ಮೇಲೆ 1967ರಲ್ಲಿ ಆ ಕೋಣೆಗೆ ಕ್ರೋಮ್ ಹಾಕುವ ಏರ್ಪಾಡಾಯಿತು. ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಬೀಸುವ ಕಾರವಾರದ ಸೀಮೆಗೂ ಈ ಲೇಪವು ಒಪ್ಪುವಂಥದೇ ಸರಿ.

ಆದರೆ ಇದರಲ್ಲಿ ಒಂದು ಕೊರತೆಯುಂಟು. ಗಡುಸಾದ ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಿರುಕುಗಳು ಹುಟ್ಟಿನಿಂದಲೇ ಇರುತ್ತವೆ. ಸುಣ್ಣ ಬಳಿದ ಗೋಡೆಯು ದೂರದಿಂದ ನುಣುಪಾಗಿ ಕಂಡರೂ ಕೂದಲೆಳೆಯ ಬಿರುಕಿನಿಂದ ಮಳೆಯ ನೀರು ಒಳಗಿನ ಮಣ್ಣನ್ನು ಮುಟ್ಟುವ ಹಾಗೆ, ಉಪ್ಪು ಬೆರೆತ ತೇವವೂ ತೀಕ್ಷ್ಣವಾದ ದ್ರವಗಳೂ ಈ ಬಿರುಕುಗಳ ಮೂಲಕ ಅಡಿಯ ಉಕ್ಕನ್ನು ಮುಟ್ಟುತ್ತವೆ. ಕ್ರೋಮ್ ಮೇಲೆ ಹೊಳೆಯುತ್ತಿರುವಂತೆಯೇ ಅದರ ಕೆಳಗೆ ಉಕ್ಕು ಕುಳಿಬಿದ್ದು, ಕಡೆಗೆ ಲೇಪವು ಹೊಪ್ಪಳೆಯಾಗಿ ಏಳುತ್ತದೆ. ಅಲ್ಲದೆ ಲೇಪವಿರುವುದು ನಳಿಗೆಯ ಒಳಗೆ ಮಾತ್ರ. ಹೊರಮೈ, ಬಾಯಿಯ ಅಂಚು, ಕುದುರೆ, ಕಮಾನುಗಳು, ತಿರುಪುಮೊಳೆಗಳು ಇವೆಲ್ಲವೂ ಬರಿಯ ಉಕ್ಕು. ಹೊರಮೈಗೆ ಕೊಟ್ಟಿರುವ ಕಪ್ಪುನೀಲಿ ಬಣ್ಣವು ಆಮ್ಲ ತಾಕಿದ ಕೂಡಲೇ ಹೋಗುತ್ತದೆ. ಹೀಗಿರುವಲ್ಲಿ ದ್ರವವನ್ನು ಆರಿಸುವವನು ಕ್ರೋಮ್ ಏನನ್ನು ತಡೆಯಬಲ್ಲದೆಂದು ಕೇಳತಕ್ಕದ್ದಲ್ಲ. ಅದರ ಸುತ್ತಲೂ ಅಡಿಯಲ್ಲೂ ಇರುವ ಉಕ್ಕು ಏನನ್ನು ತಡೆಯಬಲ್ಲದೆಂದು ಕೇಳತಕ್ಕದ್ದು.

ಕೋವಿಗೆ ಈ ಲೇಪವಿದೆಯೇ ಎಂಬುದನ್ನು ತಯಾರಕರು ಕೊಟ್ಟ ಪುಸ್ತಿಕೆಯಿಂದ ತಿಳಿಯಬೇಕು. ಇಲ್ಲವಾದರೆ ಪರವಾನಗಿಯುಳ್ಳ ಕೋವಿ ವ್ಯಾಪಾರಿಯನ್ನು ಕೇಳಬೇಕು. ಒಳಮೈಯು ಬೆಳ್ಳಿಯಂತೆ ಬೆಳ್ಳಗೆ ಹೊಳೆಯುವುದು ಒಂದು ಗುರುತಾದರೂ ಚೆನ್ನಾಗಿ ಹೊಳಪಿಸಿದ ಉಕ್ಕೂ ಹಾಗೆಯೇ ಕಾಣಬಹುದು. ಆಮ್ಲದ ತೊಟ್ಟು ಹಾಕಿ ಪರೀಕ್ಷಿಸುವುದು ಮೂರ್ಖತನ. ಕೇಪಿನ ನಾಡಕೋವಿಗಳಿಗೆ ಸಾಮಾನ್ಯವಾಗಿ ಕ್ರೋಮ್ ಲೇಪವಿರುವುದಿಲ್ಲ. ಸಂದೇಹವಿದ್ದಲ್ಲಿ ಲೇಪವಿಲ್ಲವೆಂದೇ ಭಾವಿಸಿ ನಡೆಯುವುದು ಕ್ಷೇಮಕರ.

ಕೊಳೆಯನ್ನು ಅರಿತು ದ್ರವವನ್ನು ಆರಿಸುವುದು

ಬೆಳೆಗೆ ಬಂದ ರೋಗವನ್ನು ಗುರುತಿಸದೆ ಔಷಧ ಸಿಂಪಡಿಸುವುದು ಹೇಗೆ ವ್ಯರ್ಥವೋ, ನಳಿಗೆಯಲ್ಲಿರುವ ಕೊಳೆ ಯಾವುದೆಂದು ತಿಳಿಯದೆ ದ್ರವ ಹಾಕುವುದೂ ಹಾಗೆಯೇ ವ್ಯರ್ಥ. ಕೊಳೆಯಲ್ಲಿ ನಾಲ್ಕು ಬಗೆಗಳುಂಟು.

ಒಂದನೆಯದು ಕರಿಮದ್ದಿನ ಮಸಿ. ಪೆಟ್ಲುಪ್ಪು 75 ಭಾಗ, ಇದ್ದಲು 15 ಭಾಗ, ಗಂಧಕ 10 ಭಾಗ ಸೇರಿದ ಈ ಮದ್ದು ಪೂರ್ತಿಯಾಗಿ ಹೊಗೆಯಾಗಿ ಹೋಗುವುದಿಲ್ಲ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಪೊಟ್ಯಾಸಿಯಂ ಲವಣಗಳ ರೂಪದಲ್ಲಿ ಘನವಾಗಿ ಉಳಿಯುತ್ತದೆ. ಈ ಲವಣಗಳು ಗಾಳಿಯಿಂದ ನೀರನ್ನು ಹೀರುತ್ತವೆ. ಮಳೆಗಾಲದ ಒಂದು ರಾತ್ರಿಯಲ್ಲಿಯೇ ಬರಿಯ ಉಕ್ಕಿನ ಮೇಲೆ ಕೆಂಪು ತುಕ್ಕು ಕಾಣಿಸುವುದು ಇದರಿಂದಲೇ. ಲವಣವು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದುದರಿಂದ ಇದಕ್ಕೆ ತಕ್ಕ ದ್ರವವು ಸಾಬೂನು ಬೆರೆತ ಬಿಸಿನೀರು. ಸೀಮೆಎಣ್ಣೆಯಿಂದ ಎಷ್ಟು ಒರೆಸಿದರೂ ಲವಣವು ಎಣ್ಣೆಯ ಅಡಿಯಲ್ಲಿ ಕುಳಿತು ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಪೊಟ್ಯಾಸಿಯಂ ಕ್ಲೋರೇಟ್ ಬೆರೆತ ಹಳೆಯ ಕಾಲದ ಕೇಪುಗಳೂ ತೋಟೆಗಳೂ ಇಂತಹದೇ ಲವಣವನ್ನು ಬಿಡುತ್ತವೆ. ಅವಕ್ಕೂ ಬಿಸಿನೀರೇ ಮದ್ದು.

ಎರಡನೆಯದು ಹೊಗೆಯಿಲ್ಲದ ಮದ್ದಿನ ಮಸಿ. ಈಗಿನ ತೋಟೆಗಳಲ್ಲಿರುವುದು ಇದೇ ಮದ್ದು. ಇದು ಬಿಡುವ ಕೊಳೆಯು ತೆಳುವಾದ ಇದ್ದಲು ಮತ್ತು ಅಂಟು. ಸೀಮೆಎಣ್ಣೆಯ ಜಾತಿಯ ದ್ರವಗಳಲ್ಲಿ ಇದು ಸಡಿಲವಾಗುತ್ತದೆ.

ಮೂರನೆಯದು ಸೀಸದ ಚರೆಗಳು ಉಜ್ಜಿ ಬಿಟ್ಟ ಗೆರೆಗಳು ಮತ್ತು ತೋಟೆಯೊಳಗಿನ ಪ್ಲಾಸ್ಟಿಕ್ ಬಿಲ್ಲೆಯ ಲೇಪ. ಇವು ದ್ರವದಿಂದ ಪೂರ್ತಿಯಾಗಿ ಕರಗುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ ಕಂಚಿನ ತಂತಿಯ ಕುಂಚದಿಂದ ಉಜ್ಜಿ ತೆಗೆಯಬೇಕು. ಕಂಚು ಕ್ರೋಮಿಗಿಂತ ಮೆದುವಾದ್ದರಿಂದ ಲೇಪಕ್ಕೆ ಗೀರು ಬೀಳುವುದಿಲ್ಲ. ಕಬ್ಬಿಣದ ತಂತಿ, ಉಸುಕು, ಮರಳುಕಾಗದ ಇವುಗಳನ್ನು ಎಂದಿಗೂ ಉಪಯೋಗಿಸಕೂಡದು.

ನಾಲ್ಕನೆಯದು ತಾಮ್ರದ ಕೊಳೆ. ಇದು ತಾಮ್ರದ ಕವಚವುಳ್ಳ ಗುಂಡುಗಳನ್ನು ಹಾರಿಸುವ ರೈಫಲುಗಳಲ್ಲಿ ಮಾತ್ರ ಕೂರುತ್ತದೆ. ಇದನ್ನು ಕರಗಿಸುವುದಕ್ಕಾಗಿಯೇ ಅಮೋನಿಯ ಬೆರೆತ ದ್ರವಗಳನ್ನು ಮಾರುತ್ತಾರೆ. ಸೀಸದ ಚರೆಯನ್ನು ಹಾರಿಸುವ ಬೇಸಾಯಗಾರನ ಕೋವಿಯಲ್ಲಿ ತಾಮ್ರವೇ ಇಲ್ಲವಾದ್ದರಿಂದ ಅಮೋನಿಯ ದ್ರವದ ಅಗತ್ಯವೂ ಇಲ್ಲ. ಇದು ಮುಖ್ಯವಾದ ಮಾತು. ಕೆಲವರು ಇಂತಹ ದ್ರವವನ್ನು ಹಾಕಿ, ಬಟ್ಟೆಯ ಮೇಲೆ ಹಸಿರುನೀಲಿ ಬಣ್ಣ ಕಂಡು, ಕೊಳೆ ಇನ್ನೂ ಇದೆಯೆಂದು ಭಾವಿಸಿ ಮತ್ತೆ ಮತ್ತೆ ಹಾಕುತ್ತಾರೆ. ಆ ಬಣ್ಣವು ಬಂದದ್ದು ಕಂಚಿನ ಕುಂಚದಿಂದ, ನಳಿಗೆಯಿಂದಲ್ಲ.

ಕ್ಷೇಮಕರವಾದ ದ್ರವಗಳು

1. ಬಿಸಿನೀರು ಮತ್ತು ಸಾಧಾರಣ ಸಾಬೂನು. ಕರಿಮದ್ದಿಗೆ ಇದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ. ಕ್ರೋಮಿಗೂ ಉಕ್ಕಿಗೂ ಇದರಿಂದ ಹಾನಿಯಿಲ್ಲ. ಆದರೆ ಕೂಡಲೇ ಒಣಗಿಸಬೇಕು. ನೀರು ಸಿಹಿಯಾದದ್ದಾಗಿರಬೇಕು. ನದಿಯ ಮುಖದ ಕಡೆಯ ಬಾವಿಗಳಲ್ಲಿ ಬೇಸಗೆಯಲ್ಲಿ ನೀರು ಉಪ್ಪಾಗುವುದುಂಟು; ಆ ನೀರಿನಿಂದ ತೊಳೆಯುವುದಕ್ಕಿಂತ ತೊಳೆಯದಿರುವುದೇ ಮೇಲು.

2. ಸೀಮೆಎಣ್ಣೆ. ಹೊಗೆಯಿಲ್ಲದ ಮದ್ದಿನ ಮಸಿಗೂ ಹಳೆಯ ಎಣ್ಣೆಯ ಅಂಟಿಗೂ ಇದು ತಕ್ಕದ್ದು. ಕ್ರೋಮಿಗೆ ಯಾವ ಬಾಧಕವೂ ಇಲ್ಲ. ಆದರೆ ಇದು ಕಾಪಾಡುವ ಎಣ್ಣೆಯಲ್ಲ. ಆರಿದ ಮೇಲೆ ಉಕ್ಕನ್ನು ಬರಿದಾಗಿ ಬಿಡುತ್ತದೆ.

3. ಬಣ್ಣದ ಅಂಗಡಿಗಳಲ್ಲಿ ದೊರೆಯುವ ಖನಿಜ ಟರ್ಪೆಂಟೈನ್. ಸೀಮೆಎಣ್ಣೆ ದೊರೆಯದಿದ್ದಲ್ಲಿ ಇದನ್ನು ಅದೇ ರೀತಿಯಾಗಿ ಉಪಯೋಗಿಸಬಹುದು.

4. ಕೋವಿಗಾಗಿಯೇ ತಯಾರಿಸಿದ ದ್ರವಗಳು. ಕ್ರೋಮ್ ನಳಿಗೆಗೆ ಕ್ಷೇಮಕರವೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ಆರಿಸಬೇಕು. ಅಮೋನಿಯವಿರುವುದು ಮೂಗಿಗೇ ತಿಳಿಯುತ್ತದೆ. ರೈಫಲಿಗಾಗಿ ಅದನ್ನು ಹಾಕಲೇಬೇಕಾದಲ್ಲಿ ಡಬ್ಬಿಯ ಮೇಲೆ ಹೇಳಿರುವ ನಿಮಿಷಗಳನ್ನು ಮೀರದೆ ಒರೆಸಿ ತೆಗೆಯಬೇಕು. ರಾತ್ರಿಯೆಲ್ಲ ನೆನೆಯಬಿಡಬಾರದು.

ಸೀಮೆಎಣ್ಣೆಯ ಉಪಯೋಗವು ಬಡವರ ಉಪಾಯವೆಂದು ಯಾರೂ ಹೀನೈಸಬೇಕಾದದ್ದಿಲ್ಲ. ಅಮೆರಿಕದ ಸೈನ್ಯಾಧಿಕಾರಿ ಜೂಲಿಯನ್ ಹ್ಯಾಚರ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಫ್ರಾಂಕ್‌ಫರ್ಡ್ ಶಸ್ತ್ರಾಗಾರದ ದ್ರವದ ಪಾಕವಿದೆ; ಅದರಲ್ಲಿಯೂ ಸೀಮೆಎಣ್ಣೆಯುಂಟು. ಅದರಲ್ಲಿ ಟರ್ಪೆಂಟೈನ್, ಅಸಿಟೋನ್, ತಿಮಿಂಗಿಲದ ಎಣ್ಣೆಗಳನ್ನೂ ಬೆರೆಸುತ್ತಿದ್ದರು. ಆದರೆ ಆ ಪಾಕವನ್ನು ಮನೆಯಲ್ಲಿ ಮಾಡಲು ಹೋಗತಕ್ಕದ್ದಲ್ಲ. ಅಸಿಟೋನು ಬೇಗ ಬೆಂಕಿ ಹಿಡಿಯುತ್ತದೆ, ಮರದ ಹಿಡಿಯ ವಾರ್ನಿಷನ್ನು ಕರಗಿಸುತ್ತದೆ.

ವರ್ಜಿಸತಕ್ಕ ದ್ರವಗಳು

ಶೌಚಗೃಹ ತೊಳೆಯುವ ಆಮ್ಲ. ಇವುಗಳಲ್ಲಿ ಅನೇಕಕ್ಕೆ ಹೈಡ್ರೋಕ್ಲೋರಿಕ್ ಆಮ್ಲವೇ ಆಧಾರ. ಕ್ರೋಮನ್ನು ಕರಗಿಸುವ ದ್ರವವೇ ಇದು. ಲೇಪ ಕೊಡುವ ಕಾರಖಾನೆಗಳಲ್ಲಿ ಹಳೆಯ ಲೇಪವನ್ನು ಕಿತ್ತುಹಾಕುವುದಕ್ಕೂ ಇದನ್ನೇ ಬಳಸುತ್ತಾರೆ. ಇದರ ಆವಿಯು ಅದೇ ಕೋಣೆಯಲ್ಲಿರುವ ಬೇರೆ ಉಕ್ಕಿಗೂ ತುಕ್ಕು ಹಿಡಿಸುತ್ತದೆ.

ಬ್ಲೀಚಿಂಗ್ ದ್ರಾವಣ. ಇದರಲ್ಲಿರುವ ಕ್ಲೋರಿನ್ ಲವಣಗಳು ಬಿರುಕುಗಳಲ್ಲಿ ಇಳಿದು ಉಕ್ಕನ್ನು ತಿನ್ನುತ್ತವೆ. ಇದನ್ನು ಅಮೋನಿಯದೊಡನೆಯಾಗಲಿ ಆಮ್ಲದೊಡನೆಯಾಗಲಿ ಬೆರೆಸಿದರೆ ವಿಷವಾಯು ಏಳುತ್ತದೆ, ಪ್ರಾಣಾಪಾಯವುಂಟು.

ವಿನಿಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಸೀಸವನ್ನು ಕರಗಿಸಲು ಇವೆರಡನ್ನೂ ಬೆರೆಸುವ ಪದ್ಧತಿ ಕೆಲವೆಡೆ ಇದೆ. ಇದರಿಂದ ನೀರಿನಲ್ಲಿ ಕರಗುವ ಸೀಸದ ಅಸಿಟೇಟ್ ಎಂಬ ವಿಷವು ಹುಟ್ಟುತ್ತದೆ. ಉಕ್ಕಿನ ಭಾಗಗಳಿಗೂ ಹಾನಿ.

ಪೆಟ್ರೋಲು. ಕೊಳೆಯನ್ನು ತೆಗೆಯುವುದು ನಿಜವಾದರೂ ಇದರ ಆವಿಯು ನೆಲದ ಮೇಲೆ ಹರಿದು ದೂರದ ಒಲೆಯಿಂದಲೂ ಬೆಂಕಿ ಹಿಡಿಯಬಲ್ಲದು. ಇದರಲ್ಲಿರುವ ಬೆಂಜೀನ್ ರಕ್ತಕ್ಕೆ ಕೆಡುಕು.

ಕಾರ್ಬನ್ ಟೆಟ್ರಾಕ್ಲೋರೈಡ್. ಹಿಂದಿನ ಕಾಲದಲ್ಲಿ ಬೆಂಕಿ ಹಿಡಿಯದ ದ್ರಾವಕವೆಂದು ಇದನ್ನು ಮೆಚ್ಚುತ್ತಿದ್ದರು. ಇದು ಯಕೃತ್ತನ್ನು ಕೆಡಿಸುವ ವಿಷ. ಹಳೆಯ ಸೀಸೆಗಳು ಎಲ್ಲಿಯಾದರೂ ಉಳಿದಿದ್ದರೆ ಅವನ್ನು ತೆರೆಯತಕ್ಕದ್ದಲ್ಲ.

ತೆಂಗಿನೆಣ್ಣೆ. ಈ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಇದೇ. ಇದು ಕ್ರೋಮಿಗೆ ಹಾನಿ ಮಾಡುವುದಿಲ್ಲ. ಆದರೆ ಕೆಲವು ಕಾಲದ ಮೇಲೆ ಕಮಟಾಗಿ ಇದರಲ್ಲಿ ಆಮ್ಲ ಹುಟ್ಟುತ್ತದೆ, ಧೂಳು ಮಸಿಗಳೊಡನೆ ಸೇರಿ ಅಂಟಾಗುತ್ತದೆ, ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕುದುರೆಯ ಕಮಾನುಗಳು ಇದರಿಂದ ಬಿಗಿದುಕೊಂಡು ಬೇಕಾದ ಹೊತ್ತಿಗೆ ಕೇಪು ಸಿಡಿಯದೆ ಹೋಗಬಹುದು. ಹೊಲಿಗೆಯಂತ್ರದ ಖನಿಜ ಎಣ್ಣೆಯು ಇದಕ್ಕಿಂತ ಎಷ್ಟೋ ಉತ್ತಮ.

ಶುಚಿಗೊಳಿಸುವ ಕ್ರಮ

ಮೊದಲು ಕೋವಿಯು ಬರಿದಾಗಿದೆಯೆಂದು ನಿಶ್ಚಯಮಾಡಿಕೊಳ್ಳತಕ್ಕದ್ದು. ತೋಟೆ ಕೋವಿಯನ್ನು ಮಡಿಸಿ ತೋಟೆಗಳನ್ನು ತೆಗೆದು ಬೇರೆ ಕೋಣೆಯಲ್ಲಿ ಇಡಬೇಕು. ಕೇಪಿನ ಕೋವಿಯಾದರೆ ಕೇಪನ್ನು ತೆಗೆದು, ಗಜವನ್ನು ನಳಿಗೆಯೊಳಗೆ ಮೆಲ್ಲನೆ ಇಳಿಬಿಟ್ಟು, ಬಾಯಿಯ ಬಳಿ ಗುರುತು ಮಾಡಿ, ಹೊರಗೆ ಹಿಡಿದು ಅಳೆಯಬೇಕು. ಗಜವು ಕೇಪು ಕೂರುವ ಜಾಗದವರೆಗೆ ಮುಟ್ಟದಿದ್ದರೆ ಒಳಗೆ ಮದ್ದು ಚರೆಗಳಿವೆಯೆಂದೇ ತಿಳಿದು, ಪರವಾನಗಿಯುಳ್ಳ ಕೋವಿ ಕೆಲಸಗಾರನ ಹತ್ತಿರ ಒಯ್ಯಬೇಕು. ಈ ಕೆಲಸದಲ್ಲಿ ಬಾಯಿಯ ಮುಂದೆ ಮುಖವನ್ನಾಗಲಿ ಅಂಗೈಯನ್ನಾಗಲಿ ತರಬಾರದು.

ಎರಡನೆಯದಾಗಿ, ಕರಿಮದ್ದು ಉಪಯೋಗಿಸಿದ್ದರೆ ಅದೇ ದಿನ ಬಿಸಿನೀರಿನಿಂದಲೂ ಸಾಬೂನಿನಿಂದಲೂ ತೊಳೆದು, ಮತ್ತೆ ಬರಿಯ ಬಿಸಿನೀರನ್ನು ಹಾಯಿಸಬೇಕು. ನೀರು ಚೆನ್ನಾಗಿ ಬಿಸಿಯಾಗಿದ್ದರೆ ಲೋಹವು ಕಾದು ತಾನಾಗಿ ಆರುತ್ತದೆ. ಕೇಪು ಕೂರಿಸುವ ತೂತುಮೊಳೆಯನ್ನು ಕಳಚಿ ಪ್ರತ್ಯೇಕವಾಗಿ ತೊಳೆಯಬೇಕು. ಇಲ್ಲಿ ಮಸಿ ಕಟ್ಟಿಕೊಂಡರೆ ಕೇಪು ಸಿಡಿದ ಮೇಲೂ ಮದ್ದು ತಡವಾಗಿ ಹತ್ತುವುದುಂಟು. ಹಾರಲಿಲ್ಲವೆಂದು ಕೋವಿಯನ್ನು ಕೆಳಗಿಳಿಸಿ ನೋಡುವವನಿಗೆ ಅದರಿಂದಲೇ ಅಪಾಯ.

ಮೂರನೆಯದಾಗಿ, ಹೊಗೆಯಿಲ್ಲದ ಮದ್ದಾದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುಂಡನ್ನು ತೋಟೆ ಕೂರುವ ಕಡೆಯಿಂದ ಬಾಯಿಯ ಕಡೆಗೆ ತಳ್ಳಿ, ಹತ್ತು ನಿಮಿಷ ಬಿಟ್ಟು, ಕಂಚಿನ ಕುಂಚವನ್ನು ಕೆಲವು ಸಾರಿ ಆಡಿಸಿ, ಒಣಬಟ್ಟೆಗಳಿಂದ ಒರೆಸಬೇಕು. ಬಟ್ಟೆಯು ಶುಭ್ರವಾಗಿ ಹೊರಬಂದರೆ ಕೆಲಸ ಮುಗಿಯಿತು. ಕ್ರೋಮ್ ಒಳಮೈಯಲ್ಲಿ ಕೊಳೆಯು ಬಿಗಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಹೆಚ್ಚು ಉಜ್ಜಬೇಕಾದದ್ದಿಲ್ಲ. ಒಳಗೆ ಹಾಕಿದ ಬಟ್ಟೆಗಳನ್ನೂ ಹೊರಬಂದವುಗಳನ್ನೂ ಎಣಿಸಬೇಕು. ಒಂದು ತುಂಡು ಒಳಗೇ ಉಳಿದರೆ ಮುಂದಿನ ಹೊಡೆತಕ್ಕೆ ನಳಿಗೆ ಒಡೆಯಬಹುದು.

ಕಡೆಯದಾಗಿ, ಖನಿಜ ಎಣ್ಣೆಯಲ್ಲಿ ಸ್ವಲ್ಪ ತೊಯ್ದ ಬಟ್ಟೆಯನ್ನು ಒಳಗೂ ಹೊರಗೂ ಒಮ್ಮೆ ಆಡಿಸಬೇಕು. ಬಾಯಿಯ ಅಂಚು, ಕುದುರೆ, ತಿರುಪುಮೊಳೆಗಳನ್ನು ಮರೆಯಬಾರದು; ಕ್ರೋಮ್ ಕೋವಿಗೆ ಮೊದಲು ತುಕ್ಕು ಹಿಡಿಯುವುದು ಇಲ್ಲಿಯೇ. ಎಣ್ಣೆಯು ಹರಿಯುವಷ್ಟಿರಬಾರದು. ಮರಳಿ ಉಪಯೋಗಿಸುವ ಮುಂಚೆ ನಳಿಗೆಯನ್ನು ಒಣಬಟ್ಟೆಯಿಂದ ಒರೆಸತಕ್ಕದ್ದು. ಕೇಪಿನ ಕೋವಿಯಲ್ಲಿ ಎಣ್ಣೆ ಉಳಿದರೆ ಮದ್ದು ತೊಯ್ದು ಹತ್ತುವುದಿಲ್ಲ.

ಮನೆಯವರ ಕ್ಷೇಮ

ಈ ಕೆಲಸವನ್ನು ಅಂಗಳದಲ್ಲಿ ಮಾಡಬೇಕು, ಅಡಿಗೆಮನೆಯಲ್ಲಿ ಕೂಡದು. ಸೀಮೆಎಣ್ಣೆಯ ಆವಿಯು ಸುಮಾರು 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಬೆಂಕಿ ಹಿಡಿಯುವಂತಾಗಬಹುದು. ಕರಾವಳಿಯ ಬೇಸಗೆಯಲ್ಲಿ ಅಷ್ಟು ಬಿಸಿಲು ಅಪರೂಪವಲ್ಲ. ಬೀಡಿ, ದೀಪ, ಒಲೆಗಳು ಹತ್ತಿರವಿರಬಾರದು. ಒರೆಸಿದ ಬಟ್ಟೆಯಲ್ಲಿ ಸೀಸವಿರುತ್ತದೆ. ಸೀಸವು ಮಕ್ಕಳ ಬುದ್ಧಿಬೆಳವಣಿಗೆಗೆ ಮಾರಕ. ಆದುದರಿಂದ ಕೈಗವಸು ಹಾಕಿಕೊಂಡು ಕೆಲಸಮಾಡಿ, ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆದು, ಅನಂತರವೇ ಊಟ ಮಾಡಬೇಕು. ಉಳಿದ ದ್ರವವನ್ನು ಬಾವಿಯ ಹತ್ತಿರ, ಹಳ್ಳಕ್ಕೆ, ಕೋಳಿ ಮೇಯುವ ಹಿತ್ತಿಲಿಗೆ ಚೆಲ್ಲತಕ್ಕದ್ದಲ್ಲ. ಮುಚ್ಚಳವುಳ್ಳ ಡಬ್ಬಿಯಲ್ಲಿ ಹೆಸರು ಬರೆದಿಟ್ಟು ಅಪಾಯಕರ ಕಸದೊಡನೆ ಕೊಡಬೇಕು. ಕುಡಿಯುವ ನೀರಿನ ಸೀಸೆಯಲ್ಲಾಗಲಿ ಕೀಟನಾಶಕದ ಖಾಲಿ ಸೀಸೆಯಲ್ಲಾಗಲಿ ಸೀಮೆಎಣ್ಣೆಯನ್ನು ತುಂಬಿಡಬಾರದು.

ಕಾಪಿಡುವ ವಿಷಯ

ಚರ್ಮದ ಚೀಲವು ತೇವವನ್ನು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಕೋವಿಯನ್ನು ಅದರೊಳಗೆ ಇಡದೆ, ಬೀಗವುಳ್ಳ ಒಣ ಪೆಟ್ಟಿಗೆಯಲ್ಲಿ ಇಟ್ಟು, ಜೂನಿನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಗಳಿಗೊಮ್ಮೆ ತೆಗೆದು ನೋಡಬೇಕು. ಚುನಾವಣೆಯ ಕಾಲದಲ್ಲಿ ಪರವಾನಗಿದಾರರು ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಬೇಕಾಗಿ ಬರುವುದುಂಟು. ಉತ್ತರ ಕನ್ನಡದಲ್ಲಿ 2023ರ ವಿಧಾನಸಭಾ ಚುನಾವಣೆಯ ಮತದಾನವು ಮೇ 10ರಂದೂ, 2024ರ ಲೋಕಸಭಾ ಚುನಾವಣೆಯದು ಮೇ 7ರಂದೂ ನಡೆದವು. ಎಂದರೆ ಒಪ್ಪಿಸಿದ ಕೋವಿಯು ಮರಳಿ ಕೈಸೇರುವ ಹೊತ್ತಿಗೆ ಮಳೆಯು ಬಾಗಿಲಿಗೆ ಬಂದಿರುತ್ತದೆ. ಆದುದರಿಂದ ಒಪ್ಪಿಸುವ ಹಿಂದಿನ ದಿನ ಮಸಿಯನ್ನು ಪೂರ್ತಿಯಾಗಿ ತೆಗೆದು ಎಣ್ಣೆ ಸವರಿ ಕೊಡಬೇಕು; ಮರಳಿ ಪಡೆದ ದಿನವೇ ಮೇಲೆ ಹೇಳಿದ ಕ್ರಮದಂತೆ ಪರೀಕ್ಷಿಸಬೇಕು. ಒಳಮೈಯಲ್ಲಿ ಹೊಪ್ಪಳೆ, ಕುಳಿ, ಉಬ್ಬು ಕಂಡರೆ ಆ ಕೋವಿಯನ್ನು ಹಾರಿಸದೆ ಕೆಲಸಗಾರನಿಗೆ ತೋರಿಸತಕ್ಕದ್ದು.

ಒಟ್ಟಿನ ಮೇಲೆ ಹೇಳುವುದಾದರೆ, ಕರಿಮದ್ದಿಗೆ ಬಿಸಿನೀರು, ಹೊಗೆಯಿಲ್ಲದ ಮದ್ದಿಗೆ ಸೀಮೆಎಣ್ಣೆ, ಕಡೆಗೆ ತೆಳುವಾಗಿ ಖನಿಜ ಎಣ್ಣೆ, ಇವು ಮೂರೇ ಬೇಸಾಯಗಾರನ ಕೋವಿಗೆ ಸಾಕು. ಇವು ಅಗ್ಗವಾದವು, ಕ್ರೋಮಿಗೂ ಉಕ್ಕಿಗೂ ಸಮವಾಗಿ ಹಿತವಾದವು. ಉಗ್ರವಾದ ದ್ರವಕ್ಕೆ ಹಣ ಕೊಡುವುದಕ್ಕಿಂತ ಅದೇ ದಿನ ತೊಳೆಯುವ ಅಭ್ಯಾಸವನ್ನು ಇಟ್ಟುಕೊಂಡರೆ, ಭತ್ತದ ಕಾವಲಿನ ರಾತ್ರಿಗಳಲ್ಲಿ ಕೋವಿಯೂ ಅದನ್ನು ಹಿಡಿದ ಕೈಯೂ ಕ್ಷೇಮವಾಗಿರುವುವು.